ಮಗುವಿನ ಮೊದಲ ಬಣ್ಣಕ್ಕೆ ಎಂಥ ಗೊಂಬೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ನಾಲ್ಕು ಪತ್ರಗಳು ಹೆಚ್ಚುಕಡಿಮೆ ಒಂದೇ ವಿಷಯವನ್ನು ಕೇಳಿದ್ದರಿಂದ ಈ ಸಲದ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇವೆ. ಮೊದಲ ಪತ್ರದ ಉತ್ತರ ಉದ್ದವಾಗಿದೆ. ಉಳಿದ ಮೂವರೂ ಅದನ್ನು ಓದಿಕೊಂಡೇ ತಮ್ಮ ಉತ್ತರಕ್ಕೆ ಬರಬೇಕೆಂದು ಕೋರಿಕೆ.

ಪ್ರಶ್ನೆ: ನಮ್ಮ ಮಗನಿಗೆ ಈ ಯುಗಾದಿಗೆ ಐದು ವರ್ಷ ತುಂಬಿತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ, ಮೇಜಿನ ಮೇಲೆ ಆಡುವ ಯುದ್ಧದಾಟಗಳಿಗೆಂದು ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಯೋಧರ ಗೊಂಬೆಗಳನ್ನು ತರಿಸಿಕೊಂಡು ತಾನೇ ಬಣ್ಣ ಹಚ್ಚುತ್ತಾನೆ. ಅದನ್ನು ಕಂಡಂದಿನಿಂದ ಮಗ ತನಗೂ ಬೇಕೆಂದು ಹಟ ಹಿಡಿದಿದ್ದಾನೆ. ತಮ್ಮ ತನ್ನ ಹಳೆಯ ಡಬ್ಬಿಯಲ್ಲಿರುವ ಲೋಹದ ಗೊಂಬೆಗಳನ್ನು ಕೊಟ್ಟುಬಿಡುತ್ತೇನೆ ಎನ್ನುತ್ತಾನೆ. ಅಂತರ್ಜಾಲದಲ್ಲಿ ನೋಡಿದರೆ ಲೆಕ್ಕವಿಲ್ಲದಷ್ಟು ಬಗೆಗಳಿವೆ. ಎಷ್ಟು ಎತ್ತರದ್ದು, ಯಾವುದರಿಂದ ಮಾಡಿದ್ದು, ಯಾವ ಬಣ್ಣ ಎಂಬುದೊಂದೂ ತಿಳಿಯದೆ ಕೂತಿದ್ದೇನೆ. ಮೊದಲಿಗೆ ಯಾವುದನ್ನು ಕೊಡಿಸಲಿ?
ಒಬ್ಬ ತಾಯಿ, ಕೋಲಾರ

ಉತ್ತರ: ತಮ್ಮನವರ ಡಬ್ಬಿಯ ವಿಷಯವನ್ನು ಮೊದಲು ಮುಗಿಸೋಣ. ಅದನ್ನು ಮಗುವಿನ ಕೈಗೆ ಕೊಡಬೇಡಿ. ಲೋಹದ ಪುಟ್ಟ ಗೊಂಬೆಗಳನ್ನು ಎರಕ ಹೊಯ್ಯಲು ಬಹುಕಾಲ ಸೀಸ ಬೆರೆತ ಮಿಶ್ರಲೋಹವನ್ನೇ ಬಳಸುತ್ತಿದ್ದರು. ಇಂಗ್ಲೆಂಡಿನ ಬ್ರಿಟನ್ ಕಂಪನಿಯು 1893ರಲ್ಲಿ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಎರಕ ಹೊಯ್ಯುವ ವಿಧಾನವನ್ನು ತಂದ ಮೇಲೆ ಅವು ಅಗ್ಗವಾಗಿ ಮನೆಮನೆಯನ್ನೂ ಸೇರಿದವು. ಆ ದೇಶದಲ್ಲಿ ಸೀಸದ ಆಟಿಕೆ ಸೈನಿಕರ ತಯಾರಿಕೆ ನಿಂತದ್ದು 1966ರಲ್ಲಿ. ಈಗ ಬರುವ ಲೋಹದ ಗೊಂಬೆಗಳಲ್ಲಿ ತವರ ಪ್ರಧಾನವಾದ ಮಿಶ್ರಲೋಹವೇ ಹೆಚ್ಚು ಎಂಬುದು ನಿಜವಾದರೂ ಸೀಸದ ಬಳಕೆ ಪೂರ್ತಿಯಾಗಿ ನಿಂತಿಲ್ಲ, ಮತ್ತು ಒಂದೇ ಡಬ್ಬಿಯಲ್ಲಿ ಕಲೆತು ಬಿದ್ದಿರುವ ಹಳೆಯದು ಹೊಸದರಲ್ಲಿ ಯಾವುದು ಯಾವ ಲೋಹದ್ದೆಂದು ಬರಿಗಣ್ಣಿನಿಂದ ಹೇಳಲಾಗುವುದಿಲ್ಲ. ಸೀಸದ ಮಟ್ಟಿಗೆ ಮಕ್ಕಳಿಗೆ ಇಷ್ಟರವರೆಗೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ವರ್ಷದ ಮಗು ಬಣ್ಣ ಹಚ್ಚುವಾಗ ಬೆರಳನ್ನು ಬಾಯಿಗಿಡುವುದೇ ಇಲ್ಲವೆಂದು ಯಾವ ತಾಯಿಯೂ ಹೇಳಲಾರಳು. ಮನೆಯಲ್ಲೇ ತ್ರೀಡಿ ಪ್ರಿಂಟರಿನಿಂದ ತೆಗೆದ ರೆಸಿನ್ (ಬೆಳಕಿಗೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಗೊಂಬೆಗಳನ್ನೂ ಸ್ನೇಹಿತರು ಕೊಟ್ಟಾರು. ಸರಿಯಾಗಿ ತೊಳೆದು, ನೇರಳಾತೀತ ಬೆಳಕಿನಲ್ಲಿ ಪೂರ್ತಿ ಗಟ್ಟಿಯಾಗಿಸದ ರೆಸಿನ್ ಚರ್ಮಕ್ಕೆ ಒಗ್ಗದು, ಉಜ್ಜಿದಾಗ ಏಳುವ ಅದರ ಪುಡಿ ಶ್ವಾಸಕ್ಕೂ ಒಳ್ಳೆಯದಲ್ಲ. ಆದ್ದರಿಂದ ಅದೂ ಬೇಡ.

ಇನ್ನು ಅಳತೆ. ತಮ್ಮನವರು ಹಚ್ಚುವ ಗೊಂಬೆಗಳು 28 ಅಥವಾ 32 ಮಿಲಿಮೀಟರ್ ಎಂದು ಕರೆಯಲಾಗುವ ಅಳತೆಯವು ಇರಬೇಕು. ನಿಂತ ಮನುಷ್ಯನ ಎತ್ತರವೇ ಅಷ್ಟಾದರೆ ಅವನ ಮುಖ ಒಂದು ತೊಗರಿಕಾಳಿನಷ್ಟು, ಕಣ್ಣು ಸಾಸಿವೆಯ ಕಾಲುಭಾಗದಷ್ಟು. ಪಳಗಿದವರು ಭೂತಗನ್ನಡಿಯ ಕೆಳಗೆ ಉಸಿರು ಬಿಗಿಹಿಡಿದು ಮಾಡುವ ಈ ಕೆಲಸವನ್ನು, ಮೂರು ಬೆರಳಿನ ಹಿಡಿತ ಇನ್ನೂ ಗಟ್ಟಿಯಾಗುತ್ತಿರುವ ವಯಸ್ಸಿನ ಮಗುವಿಗೆ ಒಪ್ಪಿಸುವುದು ನ್ಯಾಯವಲ್ಲ. ಸಾಮಾನ್ಯವಾಗಿ ನಾಲ್ಕೂವರೆ ವರ್ಷದಿಂದ ಆರು ವರ್ಷದೊಳಗೆ ಮಕ್ಕಳು ಪೆನ್ಸಿಲನ್ನು ದೊಡ್ಡವರಂತೆ ಹಿಡಿಯಲು ಕಲಿಯುತ್ತಾರೆ. ಅಲ್ಲಿಯವರೆಗೆ ಅವರ ಕುಂಚದ ಚಲನೆ ಬೆರಳ ತುದಿಯಿಂದ ಬರುವುದಕ್ಕಿಂತ ಮಣಿಕಟ್ಟಿನಿಂದ, ಎಷ್ಟೋ ಸಲ ಮೊಣಕೈಯಿಂದಲೇ ಬರುತ್ತದೆ. ಮೊಣಕೈಯಿಂದ ಬರುವ ಗೆರೆಗೆ ಅಗಲವಾದ ಜಾಗ ಬೇಕು. ಹಾಗಾಗಿ ಮೊದಲ ಗೊಂಬೆ ಮಗುವಿನ ಮುಷ್ಟಿಗಿಂತ ಚಿಕ್ಕದಾಗಬಾರದು. ಏಳರಿಂದ ಹನ್ನೆರಡು ಸೆಂಟಿಮೀಟರ್ ಉದ್ದದ, ದಪ್ಪ ಮೈಯ ಪ್ರಾಣಿ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಸರಿಯಾದದ್ದು. ಮನುಷ್ಯಾಕೃತಿಯೇ ಬೇಕೆಂದು ಹಟ ಮಾಡಿದರೆ 54 ಮಿಲಿಮೀಟರಿಗಿಂತ ಕೆಳಗೆ ಇಳಿಯಬೇಡಿ. ಅದು ಹಳೆಯ ಕಾಲದ ಆಟಿಕೆ ಸೈನಿಕರ ಅಳತೆ. ಅದರಲ್ಲಿ ತಲೆಯಾದರೂ ಕಡಲೆಕಾಳಿನಷ್ಟು ಇರುತ್ತದೆ.

ಅಳತೆಗಿಂತ ಮುಖ್ಯವಾದದ್ದು ಗೊಂಬೆಯ ಮೈ, ಮತ್ತು ಹೆತ್ತವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ನುಣ್ಣಗಿರುವ ಗೊಂಬೆ ಸುಲಭ, ಗೆರೆಗೀರು ತುಂಬಿದ ಗೊಂಬೆ ಕಷ್ಟ ಎಂದು ನಾವು ಎಣಿಸುತ್ತೇವೆ. ವಾಸ್ತವ ಅದಕ್ಕೆ ತದ್ವಿರುದ್ಧ. ನುಣ್ಣನೆಯ ಮೈಯಲ್ಲಿ ಕುಂಚದ ಪ್ರತಿಯೊಂದು ಎಳೆಯೂ, ಬಣ್ಣ ಗಂಟುಕಟ್ಟಿದ ಜಾಗವೂ ಎದ್ದು ಕಾಣುತ್ತದೆ. ರೋಮ, ಹುರುಪೆ, ಗರಿ, ಸುಕ್ಕು, ಮರದ ತೊಗಟೆಯಂಥ ಒರಟು ಮೈ ಇದ್ದರೆ ಅದು ಮಗುವಿನ ತಪ್ಪುಗಳನ್ನು ನುಂಗಿಕೊಳ್ಳುತ್ತದೆ. ಆಮೆ, ಮೊಸಳೆ, ಕರಡಿ, ಸುಕ್ಕುಮೈಯ ಆನೆ, ಗೂಬೆ ಇವು ಮೊದಲ ಗೊಂಬೆಯಾಗಲು ಯೋಗ್ಯವಾದವು; ಕುದುರೆ ಮತ್ತು ಜಿಂಕೆ ಅಲ್ಲ, ಏಕೆಂದರೆ ಮೈ ನುಣುಪು, ಕಾಲು ಕಡ್ಡಿ. ನಮ್ಮ ಭಾಗದ ಮಕ್ಕಳು ಹಸುವನ್ನು ಬಿಟ್ಟು ಬೇರೆಯದನ್ನು ಕೇಳುವುದೇ ಅಪರೂಪವಾದ್ದರಿಂದ ಅದಕ್ಕೊಂದು ದಾರಿ ಹೇಳುತ್ತೇನೆ: ನಾಟಿ ಹಸುವಿನ ಒಂದೇ ಬಣ್ಣದ ಮೈಗಿಂತ ಡೈರಿಗೆ ಹಾಲು ಹಾಕುವ ಸೀಮೆಹಸುವಿನ ಕಪ್ಪು ಬಿಳಿ ಮಚ್ಚೆ ಐದು ವರ್ಷದ ಕೈಗೆ ಎಷ್ಟೋ ಹಗುರ, ಮಚ್ಚೆ ಎಲ್ಲಿ ಬಿದ್ದರೂ ಅದು ಸರಿಯೇ.

ಅಂಗಡಿಯಲ್ಲಿ ಗೊಂಬೆಯನ್ನು ತೋಳು ಚಾಚಿದಷ್ಟು ದೂರ ಹಿಡಿದು, ಕಣ್ಣನ್ನು ಅರೆಮುಚ್ಚಿ ನೋಡಿ. ಹಾಗೆ ನೋಡಿದಾಗಲೂ ಇದು ಕಿವಿ, ಇದು ಕೊರಳು, ಇದು ಕಾಲು ಎಂದು ಬೇರೆಬೇರೆಯಾಗಿ ಕಂಡರೆ ಅದರ ಉಬ್ಬುತಗ್ಗು ಆಳವಾಗಿದೆ ಎಂದರ್ಥ. ಎಲ್ಲವೂ ಒಂದು ಮುದ್ದೆಯಾಗಿ ಕಂಡರೆ ವಾಪಸು ಇಡಿ. ಬಣ್ಣ ಎಲ್ಲಿ ನಿಲ್ಲಬೇಕೆಂಬುದನ್ನು ಮಗುವಿಗೆ ಹೇಳಿಕೊಡುವುದು ಆ ಆಳವಾದ ಗೆರೆಯೇ ಹೊರತು ನಮ್ಮ ಮಾತಲ್ಲ. ಇದನ್ನು ಮಗುವಿಗೆ ತೋರಿಸಲು ನಿಮಗೆ ಹತ್ತಿರದಲ್ಲೇ ಒಳ್ಳೆಯ ಜಾಗವಿದೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಕಲ್ಲಿನ ವಿಗ್ರಹಗಳನ್ನು ಕೆತ್ತುವ ಕುಟುಂಬಗಳಿವೆ. ಅಲ್ಲಿ ಒಂದು ನಂದಿಯ ಮುಂದೆ ಮಗುವನ್ನು ನಿಲ್ಲಿಸಿ, ಬಣ್ಣವೇ ಇಲ್ಲದ ಒಂದೇ ಕಲ್ಲಿನಲ್ಲಿ ಕೊರಳ ಗೆಜ್ಜೆಸರ ಬೇರೆಯಾಗಿ ಕಾಣುವುದು ಹೇಗೆಂದು ಕೇಳಿ. ತಗ್ಗಿನಲ್ಲಿ ನೆರಳು ಕೂತಿದೆ ಎಂಬುದು ಅವನಿಗೆ ಹೊಳೆದರೆ, ಗೊಂಬೆಗೆ ಬಣ್ಣ ಹಚ್ಚುವ ವಿದ್ಯೆಯ ಅರ್ಧ ಭಾಗ ಅಲ್ಲಿಗೆ ಬಂದಂತೆ. ಅಂಥ ಕಲ್ಲಿನ ಪುಟ್ಟ ನಂದಿಯನ್ನು ಕೊಂಡು ತಂದರೆ ಮಾತ್ರ ದಯವಿಟ್ಟು ಅದಕ್ಕೆ ಬಣ್ಣ ಹಚ್ಚಿಸಬೇಡಿ, ಮುಟ್ಟಿ ನೋಡಲು ಇರಲಿ.

ಆಯ್ಕೆಯನ್ನು ಪೂರ್ತಿಯಾಗಿ ಮಗುವಿಗೆ ಬಿಟ್ಟರೆ ಅವನು ಮಾವನ ಡಬ್ಬಿಯಲ್ಲಿರುವಂಥ, ಭರ್ಜಿ ಹಿಡಿದು ಹಾರುತ್ತಿರುವ ಸವಾರನನ್ನೇ ಕೇಳುತ್ತಾನೆ. ಪೂರ್ತಿ ನೀವೇ ಆರಿಸಿದರೆ ಅದು ಅವನ ಗೊಂಬೆಯಾಗುವುದಿಲ್ಲ. ಮೂರು ಗೊಂಬೆಗಳನ್ನು ನೀವು ಸೋಸಿ ಇಟ್ಟು, ಅದರಲ್ಲಿ ಒಂದನ್ನು ಅವನು ಎತ್ತಿಕೊಳ್ಳಲಿ. ಮೂರರಲ್ಲಿ ಒಂದು ರಾಕ್ಷಸನೋ ಡ್ರ್ಯಾಗನ್ನೋ ಇರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅದರಿಂದ ಮಾವನ ಲೋಕಕ್ಕೆ ಸೇರಿದ ಹೆಮ್ಮೆ ಅವನಿಗೆ ಸಿಗುತ್ತದೆ, ಜೊತೆಗೆ ಇನ್ನೊಂದು ಅನುಕೂಲವೂ ಇದೆ. ಆನೆ ಬೂದಿಬಣ್ಣ, ಗಿಳಿ ಹಸಿರು ಎಂದು ಐದು ವರ್ಷಕ್ಕೆ ಮಗುವಿಗೆ ಗೊತ್ತಿರುತ್ತದೆ, ಗೊತ್ತಿರುವುದರಿಂದಲೇ ತಪ್ಪಾಯಿತೆಂದು ಅಳುತ್ತದೆ. ಡ್ರ್ಯಾಗನ್ನಿನ ಬಣ್ಣ ಇದೇ ಎಂದು ಯಾರೂ ಹೇಳಲಾರರು. ಪ್ರತಿ ಗೆರೆಗೂ ‘ಇದು ಸರಿಯೇ?’ ಎಂದು ನಿಮ್ಮ ಮುಖ ನೋಡುವ ಮಗುವಾದರೆ ಡ್ರ್ಯಾಗನ್ನನ್ನೇ ಕೊಡಿಸಿ. ಯಾವುದನ್ನು ಕೊಂಡರೂ ಅದು ಒಂದೇ ತುಂಡಾಗಿರಲಿ, ಅಗಲವಾದ ಪೀಠವಿರಲಿ, ಭರ್ಜಿ, ಬಾಲ, ಮೀಸೆಯಂಥ ಸಪೂರ ಭಾಗಗಳು ಹೊರಚಾಚಿರದಿರಲಿ. ಚೌಕಟ್ಟಿನಿಂದ ಕತ್ತರಿಸಿ ಅಂಟಿಸಿಕೊಳ್ಳಬೇಕಾದ ಗಟ್ಟಿ ಪ್ಲಾಸ್ಟಿಕ್ಕಿನ ಕಿಟ್‌ಗಳಿಗೆ ಹರಿತವಾದ ಬ್ಲೇಡು ಮತ್ತು ಘಾಟು ಅಂಟು ಬೇಕಾಗುವುದರಿಂದ ಅವು ಇನ್ನೂ ಐದಾರು ವರ್ಷ ಕಾಯಲಿ.

ಯಾವುದರಿಂದ ಮಾಡಿದ್ದು ಎಂಬ ಪ್ರಶ್ನೆಗೆ ಬರುತ್ತೇನೆ. ಈ ಹವ್ಯಾಸಕ್ಕೆಂದೇ ತಯಾರಾಗುವ ಗೊಂಬೆಗಳಲ್ಲಿ ಅಮೆರಿಕದ ರೀಪರ್ ಕಂಪನಿಯ ಬೋನ್ಸ್ ಎಂಬ ಮೆದು ಪ್ಲಾಸ್ಟಿಕ್ಕಿನ ಸಾಲು ತಳಬಣ್ಣವಿಲ್ಲದೆಯೂ ಅಕ್ರಿಲಿಕ್ ಬಣ್ಣವನ್ನು ಹಿಡಿಯುವಂತೆ ಮಾಡಿದ್ದು; ವಿಜ್‌ಕಿಡ್ಸ್ ಕಂಪನಿಯು ತಳಬಣ್ಣ ಹಚ್ಚಿಯೇ ಮಾರುವ ಗೊಂಬೆಗಳೂ ಇವೆ. ತಮ್ಮನವರಿಗೆ ಇವು ಗೊತ್ತಿರುತ್ತವೆ. ತರಿಸುವುದಾದರೆ ಅವುಗಳಲ್ಲಿನ ದೊಡ್ಡ ರಾಕ್ಷಸ ಮತ್ತು ಮೃಗಗಳನ್ನಷ್ಟೇ ತರಿಸಲಿ, ಮನುಷ್ಯರನ್ನಲ್ಲ. ಇಂಥವನ್ನು ಆಟಿಕೆಗಳೆಂದಲ್ಲ, ದೊಡ್ಡ ಮಕ್ಕಳ ಮತ್ತು ವಯಸ್ಕರ ಹವ್ಯಾಸದ ವಸ್ತುಗಳೆಂದು ಮಾರುವುದುಂಟು, ಆದ್ದರಿಂದ ಡಬ್ಬಿಯ ಮೇಲೆ ಬರೆದಿರುವ ವಯಸ್ಸನ್ನು ಓದಿ, ಬಣ್ಣ ಹಚ್ಚುವಷ್ಟು ಹೊತ್ತೂ ಜೊತೆಯಲ್ಲೇ ಇರಿ. ಇಷ್ಟು ದೂರ ಹೋಗಲೇಬೇಕೆಂದೇನೂ ಇಲ್ಲ. ಊರಿನ ಆಟಿಕೆ ಅಂಗಡಿಯಲ್ಲಿ ಸಿಗುವ ಗಟ್ಟಿಯಾದ ಪ್ಲಾಸ್ಟಿಕ್ ಪ್ರಾಣಿಗಳೇ ಸಾಕು. ಬಣ್ಣ ಹಚ್ಚಿ ಬಂದದ್ದಾದರೂ ಚಿಂತೆಯಿಲ್ಲ, ಮೇಲೆ ಬಿಳಿ ಹೊಡೆದರಾಯಿತು. ಹಿಸುಕಿದರೆ ಬಾಗುವ ಗೊಂಬೆ ಮಾತ್ರ ಬೇಡ, ಬಾಗಿದಲ್ಲೆಲ್ಲ ಬಣ್ಣ ಬಿರಿದು ಉದುರುತ್ತದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಐಎಸ್‌ಐ ಗುರುತು ಕಡ್ಡಾಯವಾಗಿದೆ, ಅದನ್ನು ನೋಡಿಯೇ ಕೊಳ್ಳಿ. ಭೌಗೋಳಿಕ ಸೂಚಿಕೆ ಪಡೆದ ಚನ್ನಪಟ್ಟಣದಂಥ ಗೊಂಬೆಗಳಿಗೂ ನೋಂದಾಯಿತ ಕುಶಲಕರ್ಮಿಗಳು ಕೈಯಲ್ಲಿ ಮಾಡಿದವಕ್ಕೂ ಈ ನಿಯಮದಿಂದ ವಿನಾಯಿತಿ ಇರುವುದರಿಂದ ಅವುಗಳ ಮೇಲೆ ಗುರುತಿಲ್ಲವೆಂದು ಅನುಮಾನಿಸಬೇಕಿಲ್ಲ. ಆದರೆ ಚನ್ನಪಟ್ಟಣದ ಗೊಂಬೆಯ ಹೊಳೆಯುವ ಅರಗಿನ ಮೈಗೆ ನೀರುಬಣ್ಣ ಹತ್ತುವುದಿಲ್ಲ. ಅರಗು ಹಾಕದ, ಬರಿಯ ಮರದ ಗೊಂಬೆ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಕೊಂಡು ತಂದ ಪ್ಲಾಸ್ಟಿಕ್ ಗೊಂಬೆಯನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಅಚ್ಚಿನಿಂದ ಗೊಂಬೆ ಸಲೀಸಾಗಿ ಬಿಡಲೆಂದು ಸವರುವ ಜಿಡ್ಡು ಅದರ ಮೈಮೇಲೆ ಉಳಿದಿದ್ದರೆ ಬಣ್ಣ ಕೂರುವುದಿಲ್ಲ. ಒಣಗಿದ ಮೇಲೆ, ಮಗು ಮಲಗಿರುವಾಗ ಬಿಳಿ ತಳಬಣ್ಣವನ್ನು ನೀವೋ ತಮ್ಮನವರೋ ಹಚ್ಚಿಡಿ. ಸ್ಪ್ರೇ ಡಬ್ಬಿಯಾದರೆ ಮಾಳಿಗೆಯ ಮೇಲೆ, ಮೂಗುಬಾಯಿಗೆ ಬಟ್ಟೆಯಲ್ಲ, ಸರಿಯಾದ ಮಾಸ್ಕ್ ಕಟ್ಟಿಕೊಂಡು ಹೊಡೆಯಿರಿ. ಇಲ್ಲವಾದರೆ ಬಿಳಿ ಅಕ್ರಿಲಿಕ್ಕನ್ನೋ ಜೆಸ್ಸೋ ಎಂಬ ತಳಬಣ್ಣವನ್ನೋ ಕುಂಚದಿಂದ ತೆಳ್ಳಗೆ ಎರಡು ಸಲ ಹಚ್ಚಿದರೂ ನಡೆಯುತ್ತದೆ. ಬಣ್ಣ ಮಾತ್ರ ನೀರಿನಲ್ಲಿ ಕರಗುವ ಅಕ್ರಿಲಿಕ್ಕೇ ಆಗಿರಲಿ. ಫೆವಿಕ್ರಿಲ್ ಅಥವಾ ಕ್ಯಾಮೆಲ್‌ನ ಪುಟ್ಟ ಬಾಟಲಿಗಳಲ್ಲಿ ಕೆಂಪು, ಹಳದಿ, ನೀಲಿ, ಬಿಳಿ, ಕಂದು ಈ ಐದು ಸಾಕು. ಇಪ್ಪತ್ತನಾಲ್ಕು ಬಣ್ಣದ ಪೆಟ್ಟಿಗೆ ಕೊಟ್ಟರೆ ಮಗು ಮುಚ್ಚಳ ತೆಗೆಯುವುದರಲ್ಲೇ ದಣಿಯುತ್ತದೆ. ಪೋಸ್ಟರ್ ಬಣ್ಣ ಅಗ್ಗವಾದರೂ ಒಣಗಿದ ಮೇಲೂ ಬೆವರು ಕೈಗೆ ಬಿಟ್ಟುಕೊಳ್ಳುತ್ತದೆ. ಗೇಟು ಕಿಟಕಿಗೆ ಹಚ್ಚಿ ಉಳಿದ ಎನಾಮಲ್ ಡಬ್ಬಿಯಂತೂ ಬೇಡವೇ ಬೇಡ: ಅದನ್ನು ತೊಳೆಯಲು ಟರ್ಪೆಂಟೈನ್ ಬೇಕು, ಮೇಲಾಗಿ ಮನೆಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ, ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಏನಿದೆಯೋ ಯಾರಿಗೆ ಗೊತ್ತು.

ಕುಂಚದ ವಿಷಯದಲ್ಲೂ ಸಣ್ಣ ಕೆಲಸಕ್ಕೆ ಸಣ್ಣ ಕುಂಚವೆಂಬ ತಪ್ಪು ಎಣಿಕೆಯಿದೆ. ಸೊನ್ನೆ ನಂಬರಿನ ಕುಂಚದ ತುದಿಯಲ್ಲಿ ನಿಲ್ಲುವ ಬಣ್ಣ ಗೊಂಬೆಯನ್ನು ಮುಟ್ಟುವ ಮೊದಲೇ ಒಣಗುತ್ತದೆ, ಮಗು ಸಿಟ್ಟಿನಿಂದ ಕುಕ್ಕುತ್ತದೆ, ಕೂದಲು ಕೆದರಿಹೋಗುತ್ತದೆ. ತುದಿ ಚೂಪಾಗಿ ಕೂಡಿಕೊಳ್ಳುವ, ಸಿಂಥೆಟಿಕ್ ಕೂದಲಿನ ನಾಲ್ಕು ಮತ್ತು ಆರನೆಯ ನಂಬರಿನ ದುಂಡು ಕುಂಚಗಳನ್ನು ಕೊಡಿಸಿ, ಹಿಡಿ ಉದ್ದವಾಗಿದ್ದರೆ ಅರ್ಧಕ್ಕೆ ಕತ್ತರಿಸಿ ತುದಿಯನ್ನು ಉಜ್ಜಿ ನಯಮಾಡಿ. ಗೊಂಬೆಯನ್ನು ಖಾಲಿ ಔಷಧಿ ಬಾಟಲಿಯ ಮೇಲೆ ಎರಡೂ ಬದಿ ಅಂಟುವ ಟೇಪಿನಿಂದ ಕೂರಿಸಿದರೆ ಮಗು ಬಾಟಲಿಯನ್ನು ಹಿಡಿದುಕೊಳ್ಳುತ್ತದೆ, ಹಸಿ ಬಣ್ಣಕ್ಕೆ ಬೆರಳು ತಗಲುವುದಿಲ್ಲ.

ಮೊದಲ ದಿನ ಇಪ್ಪತ್ತು ನಿಮಿಷ, ಎರಡೇ ಬಣ್ಣ. ಮರುದಿನ ಕಂದು ಬಣ್ಣವನ್ನು ನೀರುಮಜ್ಜಿಗೆಗಿಂತ ತೆಳ್ಳಗೆ ಕದಡಿ ಗೊಂಬೆಯ ಮೈತುಂಬ ಹರಿಯಬಿಡಲು ಹೇಳಿ. ಅದು ತಗ್ಗುಗಳಿಗೆ ಇಳಿದು ನಿಂತು, ಶಿವಾರಪಟ್ಟಣದ ನಂದಿಯಲ್ಲಿ ಕಂಡ ಅದೇ ನೆರಳು ಮಗುವಿನ ಕಣ್ಣೆದುರೇ ಹುಟ್ಟುತ್ತದೆ. ಅದು ಪೂರ್ತಿ ಒಣಗಿದ ನಂತರ ಹಳೆಯ, ಗಿಡ್ಡ ಕೂದಲಿನ ಕುಂಚಕ್ಕೆ ತಿಳಿ ಬಣ್ಣವನ್ನು ಮುಟ್ಟಿಸಿ, ಬಟ್ಟೆಯಲ್ಲಿ ಒರೆಸಿ, ಇನ್ನೂ ಅಷ್ಟಿಷ್ಟು ಉಳಿದಿರುವಾಗ ಮೈಮೇಲೆ ಧೂಳು ಕೊಡವುವಂತೆ ಆಡಿಸಲಿ. ಉಬ್ಬುಗಳು ಮಾತ್ರ ಬೆಳಗುತ್ತವೆ. ಒರಟು ಮೈಯ ಗೊಂಬೆಯನ್ನೇ ಆರಿಸಿರೆಂದು ನಾನು ಅಷ್ಟು ಒತ್ತಿ ಹೇಳಿದ್ದು ಈ ಎರಡು ಕೆಲಸಗಳಿಗಾಗಿ. ಇವೆರಡಕ್ಕೂ ನಿಖರವಾದ ಕೈ ಬೇಕಾಗಿಲ್ಲ. ತಮ್ಮನವರು ಬಂದಾಗ ಡಬ್ಬಿ ಕೊಡುವ ಬದಲು ಅದೇ ಮೇಜಿನಲ್ಲಿ ಪಕ್ಕಕ್ಕೆ ಕೂತು ತಮ್ಮದೊಂದು ಪ್ಲಾಸ್ಟಿಕ್ ಗೊಂಬೆಗೆ ಬಣ್ಣ ಹಚ್ಚಲಿ. ಮಗನ ಹಟದ ಮೂಲ ಗೊಂಬೆಗಿಂತ ಹೆಚ್ಚಾಗಿ ಮಾವನ ಪಕ್ಕದ ಆ ಜಾಗವೇ ಇರಬಹುದು.

ಪ್ರಶ್ನೆ: ಮೊಮ್ಮಗನಿಗೆ ಏಳು ವರ್ಷ, ಮೊಮ್ಮಗಳಿಗೆ ಎರಡೂವರೆ. ಅಣ್ಣ ಗೊಂಬೆಗೆ ಬಣ್ಣ ಹಚ್ಚಲು ಕೂತರೆ ತಂಗಿಯೂ ಬಂದು ಕೂರುತ್ತಾಳೆ. ಇಬ್ಬರಿಗೂ ಒಂದೇ ಬಗೆಯದನ್ನು ಕೊಡಿಸಬಹುದೇ?
ನಿವೃತ್ತ ನೌಕರರು, ಬಂಗಾರಪೇಟೆ

ಉತ್ತರ: ಕೂಡದು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯನ್ನು ಪರೀಕ್ಷಿಸುವಾಗ 31.7 ಮಿಲಿಮೀಟರ್ ವ್ಯಾಸದ ಒಂದು ಸಣ್ಣ ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಅದುಮದೆ ಪೂರ್ತಿ ಇಳಿಯುವ ಯಾವುದೇ ತುಂಡು ಆ ವಯಸ್ಸಿನ ಮಗುವಿನ ಗಂಟಲಿನಲ್ಲಿ ಸಿಕ್ಕಿಕೊಳ್ಳಬಹುದೆಂದು ಲೆಕ್ಕ. ಅಣ್ಣನ ಸಣ್ಣ ಯೋಧರಲ್ಲಿ ಎಷ್ಟೋ ಮಂದಿ ಅದರಲ್ಲಿ ಸಲೀಸಾಗಿ ಇಳಿಯುತ್ತಾರೆ. ತಂಗಿಗೆ ಅಂಗೈ ಅಗಲದ, ಕಣ್ಣು ಬಾಲ ಯಾವುದೂ ಕಿತ್ತುಬರದ ಒಂದೇ ಮರದ ತುಂಡಿನ ಆನೆ ಅಥವಾ ಮೀನು ಇರಲಿ, ದಪ್ಪ ಕುಂಚ ಮತ್ತು ಬರಿಯ ನೀರು ಇರಲಿ. ಬರಿಮರದ ಮೇಲೆ ನೀರು ಹಚ್ಚಿದ ಕಡೆ ಕಪ್ಪಾಗಿ, ಒಣಗಿದಾಗ ಮತ್ತೆ ಬೆಳ್ಳಗಾಗುವುದನ್ನು ನೋಡುತ್ತಾ ಈ ವಯಸ್ಸಿನವರು ಬಹಳ ಹೊತ್ತು ಕಳೆಯುತ್ತಾರೆ. ಅಣ್ಣ ಕೂರುವುದು ಎತ್ತರದ ಮೇಜಿನಲ್ಲಾಗಲಿ, ಏಳುವಾಗ ಗೊಂಬೆಗಳನ್ನು ಎಣಿಸಿಯೇ ಎದ್ದೇಳುವ ರೂಢಿಯಾಗಲಿ.

ಪ್ರಶ್ನೆ: ಬೇಸಿಗೆ ಶಿಬಿರಕ್ಕೆ ಐದರಿಂದ ಎಂಟು ವರ್ಷದ ಮೂವತ್ತು ಮಕ್ಕಳು ಬರುತ್ತಾರೆ. ಎಲ್ಲರಿಗೂ ತಲಾ ಒಂದು ಗೊಂಬೆ ಬೇಕು, ಹಣ ಕಡಿಮೆ. ಕುಂಬಾರರಿಂದ ಮಣ್ಣಿನ ಗೊಂಬೆ ಮಾಡಿಸಬಹುದೇ? ಪ್ಲಾಸ್ಟರ್ ಗೊಂಬೆ ಆದೀತೇ?
ಶಿಕ್ಷಕಿ, ಮುಳಬಾಗಿಲು

ಉತ್ತರ: ಮಣ್ಣಿನದೇ ಸರಿ, ಆದರೆ ಸುಟ್ಟ ಮಣ್ಣು. ಈ ಮಾತನ್ನು ನಾನು ಕೆಟ್ಟ ಮೇಲೆ ಕಲಿತೆ. ಒಮ್ಮೆ ರಜೆಯ ಶಿಬಿರದಲ್ಲಿ, ಬಿಸಿಲಿಗೆ ಒಣಗಿಸಿದ್ದ ಹಸಿ ಮಣ್ಣಿನ ಆನೆಗಳನ್ನು ಮಕ್ಕಳ ಮುಂದಿಟ್ಟು ನೀರುಬಣ್ಣ ಕೊಟ್ಟೆ. ಗಣಪತಿಗೆ ಬಣ್ಣ ಹಚ್ಚುವುದಿಲ್ಲವೇ ಎಂಬುದು ನನ್ನ ಧೈರ್ಯ. ಗಣಪತಿಗೆ ಹಚ್ಚುವವರು ಒಂದೇ ಸಲ ತೇಲಿಸಿ ಎಳೆಯುತ್ತಾರೆ, ಮಕ್ಕಳಾದರೋ ಒಂದೇ ಜಾಗವನ್ನು ಹತ್ತು ಸಲ ಉಜ್ಜುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ. ಅರ್ಧ ಗಂಟೆಯಲ್ಲಿ ಮಣ್ಣು ನೆನೆದು ಬಣ್ಣವೆಲ್ಲ ಕೆಸರಾಯಿತು, ಸೊಂಡಿಲು ಕಿವಿಗಳು ಕಳಚಿದವು, ಎರಡು ಮಕ್ಕಳು ಮನೆಗೆ ಹೋಗುವವರೆಗೂ ಅತ್ತವು.

ಸುಟ್ಟ ಮಣ್ಣಿಗೆ ಆ ಭಯವಿಲ್ಲ, ಆದರೆ ಅದು ಇಟ್ಟಿಗೆಯಂತೆ ನೀರು ಕುಡಿಯುತ್ತದೆ. ಬಣ್ಣ ಹಚ್ಚಿದಷ್ಟೂ ಒಳಕ್ಕೆ ಇಳಿದು ಮೇಲೆ ಮಾಸಲಾಗಿ ಕಾಣುತ್ತದೆ. ಒಂದು ಪಾಲು ಫೆವಿಕಾಲಿಗೆ ಮೂರು ಪಾಲು ನೀರು ಬೆರೆಸಿ ಹಿಂದಿನ ದಿನವೇ ಗೊಂಬೆಗಳಿಗೆ ಸವರಿ ಒಣಗಿಸಿಟ್ಟರೆ ಬಣ್ಣ ಮೇಲೆಯೇ ನಿಲ್ಲುತ್ತದೆ. ಹಣತೆ ಮಾಡುವ ಕುಟುಂಬಕ್ಕೆ ಒಂದು ತಿಂಗಳ ಮೊದಲೇ ಹೇಳಿ, ದೀಪಾವಳಿಗೆ ಮುಂಚಿನ ತಿಂಗಳನ್ನು ಮಾತ್ರ ಬಿಟ್ಟು, ಆಮೆ ಮತ್ತು ಗೂಬೆ ಎಂಬ ಎರಡೇ ಆಕಾರಗಳನ್ನು ಮಾಡಿಸಿ. ಮೂವತ್ತು ಮಕ್ಕಳಿಗೆ ಮೂವತ್ತು ಬಗೆ ತಂದರೆ ಮೊದಲ ಗಂಟೆ ಜಗಳದಲ್ಲೇ ಮುಗಿಯುತ್ತದೆ. ಹದಿನೈದು ಆಮೆಗಳು ಹದಿನೈದು ಬಣ್ಣದಲ್ಲಿ ಸಾಲಾಗಿ ಕೂತಾಗ ಮಕ್ಕಳು ಒಬ್ಬರದನ್ನೊಬ್ಬರು ನೋಡಿ ಮಾತಾಡುವುದೇ ಬೇರೆ. ಮಾಡುವವರಿಗೆ ಎರಡು ಸೂಚನೆ ಕೊಡಿ: ಆಮೆಯ ಚಿಪ್ಪಿನ ಗೆರೆಗಳನ್ನು ಉಗುರು ಇಳಿಯುವಷ್ಟು ಆಳವಾಗಿ ಕೊರೆಯಲಿ, ತಲೆಯನ್ನು ಹೊರಚಾಚದೆ ಮೈಗೆ ಅಂಟಿಸಿಯೇ ಇಡಲಿ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಅಗ್ಗ, ಬೆಳ್ಳಗಿರುವುದರಿಂದ ತಳಬಣ್ಣವೂ ಬೇಡ, ರಬ್ಬರ್ ಅಚ್ಚಿದ್ದರೆ ಮೂವತ್ತು ಗೊಂಬೆಗಳನ್ನು ನೀವೇ ಎರಡು ದಿನದಲ್ಲಿ ತೆಗೆಯಬಹುದು. ಅಚ್ಚಿಗೆ ಹೊಯ್ಯುವ ಕೆಲಸವನ್ನು ಮಾತ್ರ ಮಕ್ಕಳಿಂದ ಮಾಡಿಸಬೇಡಿ: ಪುಡಿ ಮೂಗಿಗೆ ಹೋಗುತ್ತದೆ, ಮತ್ತು ನೀರು ಬೆರೆಸಿ ಗಟ್ಟಿಯಾಗುವಾಗ ಅದು ಕಾಯುವುದರಿಂದ ಅದರಲ್ಲಿ ಕೈಯದ್ದಿ ಇಟ್ಟರೆ ಚರ್ಮ ಸುಡುವಷ್ಟು ಬಿಸಿಯಾಗಬಲ್ಲದು. ಉಳಿದದ್ದನ್ನು ತೊಟ್ಟಿಯಲ್ಲಿ ತೊಳೆದರೆ ಕೊಳಾಯಿ ಕಟ್ಟಿಕೊಳ್ಳುವುದು ಖಂಡಿತ.

ಪ್ರಶ್ನೆ: ಆರು ವರ್ಷದ ಮಗಳು ಬಹಳ ಆಸೆಯಿಂದ ಹಚ್ಚಲು ಕೂರುತ್ತಾಳೆ, ಕೊನೆಗೆ ಎಲ್ಲ ಬಣ್ಣವೂ ಸೇರಿ ಕೆಸರಿನಂತಾಗುತ್ತದೆ. ಕಣ್ಣು ಬರೆಯಲು ಹೋಗಿ ಮುಖವೆಲ್ಲ ಕಪ್ಪು. ಅವಳು ಮಲಗಿದ ಮೇಲೆ ನಾನೇ ಸ್ವಲ್ಪ ತಿದ್ದಿಟ್ಟರೆ ತಪ್ಪೇ?
ತಂದೆ, ಚಿಂತಾಮಣಿ

ಉತ್ತರ: ತಿದ್ದಬೇಡಿ, ಬೆಳಗ್ಗೆ ಎದ್ದು ಅವಳು ಗುರುತಿಸುತ್ತಾಳೆ. ಕೆಸರಾಗುವುದಕ್ಕೆ ಕಾರಣ ಅವಳ ಕೈಯಲ್ಲಿಲ್ಲ, ನೀರಿನ ಲೋಟದಲ್ಲಿದೆ. ಒಂದೇ ಲೋಟದಲ್ಲಿ ಕೆಂಪು ತೊಳೆದ ಕುಂಚವನ್ನು ಹಸಿರಿಗೆ ಅದ್ದಿದರೆ ಬರುವುದು ಕಂದೇ. ತೊಳೆಯಲು ಒಂದು ಲೋಟ, ಜಾಲಿಸಲು ಇನ್ನೊಂದು, ಒರೆಸಲು ಹಳೆಯ ಹತ್ತಿಬಟ್ಟೆ, ಇಷ್ಟನ್ನು ಇಡಿ. ಒಂದು ಬಣ್ಣ ಒಣಗುವ ಮೊದಲು ಇನ್ನೊಂದನ್ನು ಹಚ್ಚದಿರಲು ಎರಡು ಗೊಂಬೆಗಳನ್ನು ಒಟ್ಟಿಗೆ ಕೊಡಿ, ಒಂದು ಒಣಗುವಷ್ಟರಲ್ಲಿ ಇನ್ನೊಂದರ ಸರದಿ. ಕಾಯಿರಿ ಎಂದು ಆರು ವರ್ಷದವರಿಗೆ ಹೇಳಿ ಪ್ರಯೋಜನವಿಲ್ಲ.

ಕಣ್ಣಿನ ವಿಷಯದಲ್ಲಿ ಪಳಗಿದವರಲ್ಲೇ ಎರಡು ಪಕ್ಷಗಳಿವೆ. ಮೊದಲು ಕಣ್ಣು ಬರೆದು, ಕೆಟ್ಟದ್ದನ್ನು ಸುತ್ತಲಿನ ಮೈಬಣ್ಣದಿಂದ ಮುಚ್ಚುತ್ತ ಬರುವವರು ಬಹಳ ಮಂದಿ. ನಮ್ಮ ಶಿಲ್ಪಿಗಳ ಸಂಪ್ರದಾಯದಲ್ಲಾದರೆ ವಿಗ್ರಹದ ಕಣ್ಣು ತೆರೆಸುವುದು ಎಲ್ಲಕ್ಕಿಂತ ಕೊನೆಯಲ್ಲಿ. ಮಕ್ಕಳಿಗೆ ಈ ಎರಡನೆಯದೇ ಒಗ್ಗುತ್ತದೆ, ಅದೂ ಕುಂಚದಿಂದಲ್ಲ. ಮುಖ ಪೂರ್ತಿ ಒಣಗಿದ ಮೇಲೆ ಹಲ್ಲುಕಡ್ಡಿಯ ಮೊಂಡು ತುದಿಯನ್ನು ಕಪ್ಪು ಬಣ್ಣದಲ್ಲಿ ಅದ್ದಿ ಒಂದು ಚುಕ್ಕೆ, ಅಷ್ಟೇ. ಬಿಳಿಗುಡ್ಡೆ, ರೆಪ್ಪೆ, ಹುಬ್ಬು ಯಾವುದೂ ಬೇಡ. ಚುಕ್ಕೆ ಕೆಟ್ಟರೆ ಒದ್ದೆ ಹತ್ತಿಯಿಂದ ಆ ಕ್ಷಣವೇ ಒರೆಸಬಹುದು, ಒಣಗಿದ ಮೇಲಾದರೆ ಮೈಬಣ್ಣದಿಂದ ಮುಚ್ಚಿ ಮತ್ತೆ ಇಡಬಹುದು. ಮುಂದಿನ ಗೊಂಬೆ ಕೊಳ್ಳುವಾಗ ಕಣ್ಣು ತೆರೆದಿರುವುದನ್ನು ಬಿಟ್ಟು ಕಣ್ಣು ಮುಚ್ಚಿ ಮಲಗಿರುವ ಬೆಕ್ಕನ್ನೋ, ಟೋಪಿ ಮುಖಕ್ಕೆ ಇಳಿದಿರುವ ಮುದುಕನನ್ನೋ ಹುಡುಕಿದರೆ ಈ ತೊಡಕೇ ಇರುವುದಿಲ್ಲ.

ಅವಳೇ ‘ಇದು ಬೇಡ, ಮತ್ತೆ ಮಾಡುತ್ತೇನೆ’ ಎಂದರೆ ಬಿಳಿ ತಳಬಣ್ಣವನ್ನು ಮೇಲೆ ಹೊಡೆದು ವಾಪಸು ಕೊಡಿ. ಒಂದು ದೊಡ್ಡ ಗೊಂಬೆ ತೆಳುವಾದ ಐದಾರು ಪದರಗಳನ್ನು ತಡೆಯುತ್ತದೆ. ಸಾಕು ಎಂದರೆ ನೀರಿನ ಆಧಾರದ, ಹೊಳಪಿಲ್ಲದ (ಮ್ಯಾಟ್) ವಾರ್ನಿಷ್ಷನ್ನು ನೀವು ತೆಳ್ಳಗೆ ಎರಡು ಸಲ ಹಚ್ಚಿ, ಎರಡರ ನಡುವೆ ಒಂದು ರಾತ್ರಿ ಬಿಟ್ಟು, ಮೂರನೆಯ ದಿನ ಆಟಕ್ಕೆ ಕೊಡಿ.